ಕಬ್ಬಿನ ತುಂಡು, ವಿಧವೆಯ ಕಾಣಿಕೆ

ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕ ಕುಟುಂಬಗಳು ಮಾತೆ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತವೆ. ನೊವೇನಾದ ದಿನಗಳಲ್ಲಿ ಮಾತೆಗೆ ಹೂವು ಅರ್ಪಿಸಿದ ಮಕ್ಕಳು ಬಲಿಪೂಜೆಯ ಬಳಿಕ ಕಬ್ಬು ಹಿಡಿದು ಮನೆಗೆ ಮರಳುವ ದೃಶ್ಯ ನಮಗೆಲ್ಲ ಚಿರಪರಿಚಿತ. ಆ ಕಬ್ಬಿನಿಂದಲೇ ಭಿನ್ನರಾಶಿಯ ಪಾಠವನ್ನು ಆರಂಭಿಸಬಹುದು.

ಒಂದೇ ಉದ್ದದ ಎರಡು ಕಬ್ಬುಗಳಲ್ಲಿ ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗಗಳಾಗಿ ಕಡಿಯೋಣ. 1/3 ದೊಡ್ಡದೋ, 1/4 ದೊಡ್ಡದೋ? ಪುಸ್ತಕದಲ್ಲಿ ಈ ಪ್ರಶ್ನೆ ಬಂದಾಗ ಅನೇಕ ಮಕ್ಕಳು 1/4 ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬುದು ಅವರ ತರ್ಕ. ತುಂಡುಗಳನ್ನು ಕೈಯಲ್ಲಿ ಹಿಡಿದ ಮಗುವಾದರೋ ಸುಲಭವಾಗಿ ತಪ್ಪುವುದಿಲ್ಲ. ಪಾಲುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆಂಬುದನ್ನು ಅದು ಕಣ್ಣಾರೆ ಕಾಣುತ್ತದೆ.

ಬಳಿಕ ನಿಯಮಗಳನ್ನು ಹೇಳಿದರೆ ಸಾಕು. ಛೇದ ಒಂದೇ ಆಗಿದ್ದರೆ ಅಂಶ ಹೆಚ್ಚಿರುವುದು ದೊಡ್ಡದು. ಅಂಶ ಒಂದೇ ಆಗಿದ್ದರೆ ಛೇದ ಕಡಿಮೆಯಿರುವುದು ದೊಡ್ಡದು. ಎರಡೂ ಬೇರೆಯಾಗಿದ್ದರೆ ಮೊದಲು ಛೇದಗಳನ್ನು ಸಮಗೊಳಿಸಬೇಕು. 2/3 ಎಂದರೆ 8/12. 3/4 ಎಂದರೆ 9/12. ಆದುದರಿಂದ 3/4 ದೊಡ್ಡದು.

ಈ ಲೆಕ್ಕ ಧರ್ಮಸಭೆಗೆ ಹೊಸದಲ್ಲ. ಹಳೆಯ ಜೂಲಿಯನ್ ಪಂಚಾಂಗವು ನಾಲ್ಕು ವರ್ಷಗಳಿಗೆ ಒಂದು ದಿನವನ್ನು, ಅಂದರೆ 400 ವರ್ಷಗಳಿಗೆ 100 ದಿನಗಳನ್ನು ಹೆಚ್ಚುವರಿಯಾಗಿ ಸೇರಿಸುತ್ತಿತ್ತು. ನಿಜಕ್ಕೂ ಬೇಕಾಗಿದ್ದುದು ಸುಮಾರು 97. ಅಲ್ಪವೆನಿಸುವ ಈ 3/400ರ ಅಂತರ ಶತಮಾನಗಳಲ್ಲಿ ಬೆಳೆದು, ಪಾಸ್ಖ ಹಬ್ಬದ ಗಣನೆಯಲ್ಲಿ 10 ದಿನಗಳ ವ್ಯತ್ಯಾಸವಾಯಿತು. ಯೇಸುಸಭೆಯ ಗಣಿತಜ್ಞ ಗುರು ಕ್ರಿಸ್ಟೋಫರ್ ಕ್ಲಾವಿಯುಸರೂ ಶ್ರಮಿಸಿದ ಆ ಸುಧಾರಣೆಯನ್ನು ಜಗದ್ಗುರು ಹದಿಮೂರನೇ ಗ್ರೆಗೊರಿಯವರು 1582ರಲ್ಲಿ ಜಾರಿಗೆ ತಂದರು. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು.

ಶುಭಸಂದೇಶದಲ್ಲಿಯೂ ಇಂಥ ಹೋಲಿಕೆಯಿದೆ. ಸಂತ ಮಾರ್ಕರ 12ನೇ ಅಧ್ಯಾಯದಲ್ಲಿ ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ನಾಣ್ಯಗಳನ್ನು ಹಾಕುತ್ತಾಳೆ. ಧನಿಕನೊಬ್ಬ ತನ್ನ 100 ನಾಣ್ಯಗಳಲ್ಲಿ 10ನ್ನು ಹಾಕಿದನೆಂದು ಭಾವಿಸೋಣ. ಅವನದು 1/10. ಅವಳಲ್ಲಿದ್ದುದೇ ಎರಡು, ಕೊಟ್ಟದ್ದೂ ಎರಡು. ಅವಳದು 2/2, ಅಂದರೆ ಪೂರ್ಣ. ಮೊತ್ತದಲ್ಲಿ ಕಿರಿದಾದುದು ಪಾಲಿನಲ್ಲಿ ಹಿರಿದಾಯಿತು. ನೆರೆದವರು ಅಂಶವನ್ನಷ್ಟೇ ಕಂಡರು, ಪ್ರಭು ಛೇದವನ್ನೂ ಕಂಡರು.

ಸಂತ ಮತ್ತಾಯರ 25ನೇ ಅಧ್ಯಾಯದಲ್ಲಿ ಐದು ತಲಾಂತು ಪಡೆದ ಸೇವಕ ಇನ್ನೈದನ್ನೂ, ಎರಡು ಪಡೆದವನು ಇನ್ನೆರಡನ್ನೂ ಗಳಿಸಿದರು. 5/5 ಮತ್ತು 2/2 ಸಮವಷ್ಟೇ! ಯಜಮಾನನು ಇಬ್ಬರಿಗೂ ಒಂದೇ ಪ್ರಶಂಸೆಯನ್ನು ನೀಡಿದನು.

ತಂದೆತಾಯಿಗಳಾದ ನಾವು ಇಲ್ಲಿ ಆತ್ಮಶೋಧನೆ ಮಾಡಿಕೊಳ್ಳಬೇಕಾಗಿದೆ. ಅಕ್ಕ 50ಕ್ಕೆ 35 ಅಂಕ, ತಮ್ಮ 25ಕ್ಕೆ 18 ಅಂಕ ತಂದಾಗ, ಅಕ್ಕನನ್ನು ನೋಡಿ ಕಲಿ ಎಂದು ತಮ್ಮನನ್ನು ಗದರಿಸಿದವರು ನಮ್ಮಲ್ಲಿಲ್ಲವೇ? ಛೇದವನ್ನು ಸಮಗೊಳಿಸಿದರೆ ತಮ್ಮನದು 36/50. ಗದರಿಕೆಯೇ ಲೆಕ್ಕ ತಪ್ಪಿತ್ತು! ಅಂಕಪಟ್ಟಿಯ ಛೇದವನ್ನಾದರೂ ನಾವು ಓದಬಲ್ಲೆವು. ಒಂದೊಂದು ಮಗುವಿಗೆ ದೇವರು ಕೊಟ್ಟ ಸಾಮರ್ಥ್ಯವೆಂಬ ಛೇದವನ್ನು ಪೂರ್ಣವಾಗಿ ಬಲ್ಲವರು ಅವರೊಬ್ಬರೇ. ಅದನ್ನರಿಯದೆ ಮಕ್ಕಳನ್ನು ಹೋಲಿಸಿದರೆ ಅವರ ಎಳೆಯ ಮನಸ್ಸು ನೋಯುತ್ತದೆ, ಒಡಹುಟ್ಟಿದವರ ನಡುವೆ ಅಸೂಯೆ ಹುಟ್ಟುತ್ತದೆ.

ಈ ವಾರ ಒಂದು ಸಂಜೆ ಜಪಸರದ ಬಳಿಕ ಒಂದು ರೊಟ್ಟಿಯನ್ನು ಮಕ್ಕಳ ಕೈಯಿಂದಲೇ ಸಮಪಾಲು ಮಾಡಿಸೋಣ. ಭಿನ್ನರಾಶಿಗಳನ್ನು ಹೋಲಿಸಲು ಅವರು ಕಲಿಯಲಿ. ಮಕ್ಕಳನ್ನು ಹೋಲಿಸದಿರಲು ನಾವು ಕಲಿಯೋಣ.