ಉಸಿರಿಗೊಂದು ಊರುಗೋಲು

ಕಳೆದ ಸುಗ್ಗಿಯಲ್ಲಿ ನಮ್ಮ ಕಾಕಾ ಮುನಿರಾಬಾದಿನ ಕಾಲುವೆ ದಂಡೆಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದರು. ಎದೆಗೆ ಪೆಟ್ಟಾಗಿತ್ತು. ಮನೆಯವರು ಧೋತರದಿಂದ ಎದೆಯನ್ನು ಬಿಗಿದು ಕಟ್ಟಿದರು. ಕಟ್ಟಿದ ಕೈಗಳಲ್ಲಿ ನನ್ನವೂ ಇದ್ದವು. ಮರುದಿನ ಉಸಿರು ಹಿಡಿದು ಆಸ್ಪತ್ರೆ ಸೇರಿದಾಗ, ವೈದ್ಯರು ಮೂಗುಬಾಯಿಗೆ ಮಾಸ್ಕ್ ಬಿಗಿದು ಯಂತ್ರಕ್ಕೆ ಜೋಡಿಸಿದರು. "ಯಪ್ಪಾ, ಮಾರಿಗೆ ಮಾಸ್ಕ್ ಹಾಕ್ಯಾರಂದ್ರ ಮನಿಶಾ ಉಳಿಯಂಗಿಲ್ಲ, ತೆಗೀರಿ ಅನ್ನು" ಎಂದು ಅಜ್ಜಿ ಅತ್ತಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿದರು. ನನಗೂ ಏನೂ ತಿಳಿದಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ನಮ್ಮ ಎದೆಗೂಡು 12 ಜೊತೆ ಪಕ್ಕೆಲುಬುಗಳದು. ಅದು ಕಮ್ಮಾರನ ತಿದಿಯಂತೆ ಹಿಗ್ಗಿದಾಗ ಗಾಳಿ ಒಳಬರುತ್ತದೆ. ಎಲುಬು ಮುರಿದವನು ನೋವಿಗೆ ಅಂಜಿ ಅರೆಯುಸಿರು ಎಳೆಯುತ್ತಾನೆ, ಕೆಮ್ಮುವುದಿಲ್ಲ. ಕಫ ನಿಲ್ಲುತ್ತದೆ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ, ನ್ಯುಮೋನಿಯಾ ಹತ್ತಬಹುದು. ಬಿಗಿದ ಕಟ್ಟು ಎದೆಯನ್ನು ಹಿಗ್ಗಗೊಡದೆ ಈ ಕೇಡನ್ನೇ ಹೆಚ್ಚಿಸುತ್ತದೆ.

1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ, ರೋಗಿಗಳ ಕೊರಳಿಗೆ ನಳಿಗೆ ಇಳಿಸಿ, ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ರಬ್ಬರ್ ಚೀಲ ಹಿಂಡಿ ಉಸಿರು ಊಡಿದರು. ನಮ್ಮಂಥ ವಿದ್ಯಾರ್ಥಿಗಳೇ! ಮುಂದೆ ಆ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಎದೆ ಜಜ್ಜಿದವರಿಗೂ ನೆರವಾದವು. ಆದರೆ ನಳಿಗೆಯ ದಾರಿಯಲ್ಲಿ ಸೋಂಕೂ ಇಳಿಯಬಲ್ಲದು. ಆದ್ದರಿಂದ ಈಗ, ತಕ್ಕ ರೋಗಿಗಳಿಗೆ, ನಳಿಗೆಯಿಲ್ಲದೆ ಮಾಸ್ಕಿನ ಮೂಲಕವೇ ಗಾಳಿಯ ಒತ್ತಡ ಕೊಡುತ್ತಾರೆ. ಮುಚ್ಚಿದ ಗಾಳಿಚೀಲಗಳು ತೆರೆದು ನಿಲ್ಲುತ್ತವೆ, ಉಸಿರಾಟದ ಶ್ರಮ ತಗ್ಗುತ್ತದೆ. ಈ ಒತ್ತಡವನ್ನು ನೀರಿನ ಎತ್ತರದಿಂದ ಅಳೆಯುತ್ತಾರೆ; ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರಿನಿಂದ ಆರಂಭ. ತುಂಗಭದ್ರೆಯ ಅಣೆಕಟ್ಟಿನ ಮಗ್ಗುಲಲ್ಲಿ ಬೆಳೆದ ನಮಗೆ ನೀರಿನ ಒತ್ತಡ ಹೊಸದಲ್ಲ. ಗೇಣುದ್ದವೂ ಇಲ್ಲದ ನೀರಿನ ಒತ್ತಡ ಒಂದು ಜೀವವನ್ನು ಎತ್ತಿ ಹಿಡಿಯುವುದು ಮಾತ್ರ ಸೋಜಿಗ!

ಇದು ಎಲ್ಲರಿಗೂ ಸಲ್ಲದು. ರೋಗಿಗೆ ಎಚ್ಚರವಿರಬೇಕು, ಕೆಮ್ಮುವ ಶಕ್ತಿಯಿರಬೇಕು. ವಾಂತಿಯಾಗುತ್ತಿದ್ದರೆ, ಮುಖದ ಎಲುಬು ಮುರಿದಿದ್ದರೆ ಅಪಾಯ. ಶ್ವಾಸಕೋಶದ ಹೊರಗೆ ಗಾಳಿ ಸೋರಿದೆಯೇ ಎಂದು ಮೊದಲು ನೋಡಬೇಕು. ಸೋರಿದ್ದರೆ ಒತ್ತಡದಿಂದ ಅದು ಹೆಚ್ಚೀತು. ನೋವು ಇಳಿಸುವ ಔಷಧ ಜೊತೆಗಿರಲೇಬೇಕು. ಒಂದೆರಡು ಗಂಟೆಗಳಲ್ಲಿ ಗುಣ ಕಾಣದಿದ್ದರೆ ನಳಿಗೆ ಇಳಿಸಲು ತಡಮಾಡಬಾರದು.

2020-21ರ ಕೊರೋನಾ ದಿನಗಳಿಂದ ನಮ್ಮ ಹಳ್ಳಿಗಳಲ್ಲಿ ಮಾಸ್ಕಿನ ಯಂತ್ರವೆಂದರೆ ಮರಣವೆಂಬ ಭಯ ಉಳಿದಿದೆ. ಕಾಕಾ ನಾಲ್ಕನೆಯ ದಿನ ಮಾಸ್ಕ್ ತೆಗೆಸಿಕೊಂಡು ಗಂಜಿ ಕುಡಿದರು. ಅದು ಸಾವಿನ ಮುದ್ರೆಯಲ್ಲ, ದಣಿದ ಉಸಿರಿಗೊಂದು ಊರುಗೋಲು. ಮಿತ್ರರೇ, ಎದೆಗೆ ಪೆಟ್ಟಾದವರನ್ನು ಬಿಗಿದು ಕಟ್ಟದೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಮನೆಯವರು ನಿಮ್ಮ ಮುಖ ನೋಡಿದಾಗ, ನನ್ನಂತೆ ಸುಮ್ಮನೆ ನಿಲ್ಲಬೇಡಿರಿ.