ಚರ್ಮದ ಕ್ಯಾನ್ಸರ್ ಹರಡಿದರೆ ಮುಂದೇನು? ಚಿಕಿತ್ಸೆ ಇದೆ, ತಿಳ್ಕೊಳ್ಳಿ

ಅಂಗಾಲಿನ ಕಪ್ಪು ಮಚ್ಚೆ ದೊಡ್ಡದಾಗಿ ಹುಣ್ಣಾಗಿದೆಯಾ? ಅದು ‘ಮೆಲನೋಮಾ’ ಎಂಬ ಚರ್ಮದ ಕ್ಯಾನ್ಸರ್ ಇರಬಹುದು. ಲಿವರ್, ಶ್ವಾಸಕೋಶ, ಮೆದುಳಿಗೆ ಹರಡಿದ ಮೇಲೆ ಬರೀ ಆಪರೇಷನ್ ಸಾಲದು. ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ.

ಇಮ್ಯುನೋಥೆರಪಿ: ನಮ್ಮ ರೋಗನಿರೋಧಕ ಶಕ್ತಿಗೆ ಬಿದ್ದ ಬ್ರೇಕ್ ತೆಗೆದು, ಅದೇ ಕ್ಯಾನ್ಸರ್ ಜೊತೆ ಹೋರಾಡುವಂತೆ ಮಾಡುವ ಡ್ರಿಪ್.

ಮಾತ್ರೆ: ಗಡ್ಡೆಯ ತುಣುಕಿನ ಟೆಸ್ಟ್‌ನಲ್ಲಿ ‘ಬಿರಾಫ್’ ಜೀನ್ ಬದಲಾವಣೆ ಕಂಡರೆ ಮಾತ್ರ ಡಾಬ್ರಫೆನಿಬ್–ಟ್ರಾಮೆಟಿನಿಬ್ ಜೋಡಿ.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಇದು ಮೆದುಳಿಗೇ ಹರಡಿತ್ತು. ಆಗ ವಯಸ್ಸು 90. ರೇಡಿಯೇಷನ್, ಇಮ್ಯುನೋಥೆರಪಿ ಪಡೆದು 100ರವರೆಗೆ ಬದುಕಿದರು. ಎಲ್ಲರಿಗೂ ಹೀಗಾಗಲ್ಲ, ಅಡ್ಡಪರಿಣಾಮವೂ ಇದೆ, ಖರ್ಚೂ ಲಕ್ಷಗಳಲ್ಲಿ.

ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ: ಜೀನ್ ಟೆಸ್ಟ್ ಮಾಡ್ತೀರಾ? ಯಾವ ಔಷಧ ಆಗುತ್ತೆ? ಆಯುಷ್ಮಾನ್ ಕಾರ್ಡ್‌ನಲ್ಲಿ ಎಷ್ಟು ಸಿಗುತ್ತೆ?

ಮಚ್ಚೆಗೆ ಸುಣ್ಣ ಹಚ್ಚಿ ದಿನ ಕಳೆಯಬೇಡಿ.