ತೋಟಾದ ಕತ್ತು ಸೀಳಿದ್ದು ಯಾರು?

ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳಿಗೆ ಮಳೆಗಾಲವೆಂದರೆ ಬಹುಪಾಲು ಬಿಡುವಿನ ಕಾಲ. ಬಳಸದೆ ಉಳಿದ ತೋಟಾಗಳ ಪೆಟ್ಟಿಗೆಗಳು ಆಗ ಕುದುರೆ ಲಾಯ ಸೇರುತ್ತಿದ್ದವು. ಮಳೆ ಹಿಂದೆಗೆದ ಮೇಲೆ ತೆಗೆದು ನೋಡಿದರೆ, ಕೋವಿಯ ಮುಖವನ್ನೇ ಕಾಣದ ಹೊಸ ತೋಟಾಗಳು ಸೀಳಿರುತ್ತಿದ್ದವು. ಅದರಲ್ಲೂ ಗುಂಡನ್ನು ಹಿಡಿದುಕೊಂಡಿರುವ ಕತ್ತಿನ ಜಾಗದಲ್ಲಿ. ಬಿದ್ದದ್ದಲ್ಲ, ಜಜ್ಜಿದ್ದಲ್ಲ, ಇಟ್ಟಲ್ಲೇ ಒಡೆದದ್ದು. ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇನೋ ಬಂತು, ಕಾರಣ ಸಿಗಲು ಮಾತ್ರ 1921ರವರೆಗೆ ಕಾಯಬೇಕಾಯಿತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಕೊಟ್ಟ ವಿವರಣೆಯಲ್ಲಿ ತಪ್ಪು ಅರ್ಧ ಕುದುರೆ ಮೂತ್ರದ್ದು, ಅರ್ಧ ಕಾರ್ಖಾನೆಯದು. ಮೂತ್ರದ ಕಥೆ ರಂಜಕವಾದ್ದರಿಂದ ಅದೇ ಹೆಚ್ಚು ಪ್ರಚಾರ ಪಡೆಯಿತು. ನನ್ನ ಲೆಕ್ಕದಲ್ಲಿ ಕಾರ್ಖಾನೆಯ ಪಾಲೇ ದೊಡ್ಡದು.

ತೋಟಾದ ಹಿತ್ತಾಳೆ ಕೋಶ ಮದ್ದು ತುಂಬುವ ಬರೀ ಡಬ್ಬಿಯಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ತೂಗಾಡಿದ ತ್ರೀ ನಾಟ್ ತ್ರೀಯನ್ನೇ ತೆಗೆದುಕೊಳ್ಳಿ. 1888ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಈ ತೋಟಾದೊಳಗೆ ಮದ್ದು ಉರಿದಾಗ ಒತ್ತಡ ಹೊರಗಿನ ಗಾಳಿಯ ಒತ್ತಡದ 3,000 ಪಟ್ಟಿಗೂ ಮೇಲೇರುತ್ತದೆ. ಆ ಕ್ಷಣದಲ್ಲಿ ಕೋಶ ಉಬ್ಬಿ, ಕೋವಿಯ ಗೂಡಿನ ಗೋಡೆಗೆ ಅಂಟಿ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯಬೇಕು. ಮರುಕ್ಷಣವೇ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೊರಬರಬೇಕು. ಉಬ್ಬುವುದಕ್ಕೆ ಮೆದುತನ ಬೇಕು, ಕುಗ್ಗುವುದಕ್ಕೆ ಪುಟಿತ ಬೇಕು. ಶೇಕಡಾ 70 ತಾಮ್ರ, 30 ಸತು ಬೆರೆತ ಹಿತ್ತಾಳೆ ಈ ಎರಡನ್ನೂ ಒಪ್ಪುವಷ್ಟು ಕೊಡುತ್ತದೆ.

ಕೋಶ ಹುಟ್ಟುವುದು ಒಂದು ದಪ್ಪ ಬಿಲ್ಲೆಯಿಂದ. ಅದನ್ನು ಒತ್ತಿ ಬಟ್ಟಲು ಮಾಡಿ, ಆ ಬಟ್ಟಲನ್ನು ಅಚ್ಚಿನಿಂದ ಅಚ್ಚಿಗೆ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ತಣ್ಣಗಿರುವಾಗ ಎಳೆದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಹಾಗಾಗಿ ನಡುನಡುವೆ ಕಾಯಿಸಿ ಮೆದು ಮಾಡಬೇಕು. ಪಾತ್ರೆ ಬಡಿಯುವ ಕಂಚುಗಾರರೂ ಮಾಡುವುದು ಇದನ್ನೇ. ಆದರೆ ಕತ್ತಿನ ಸರದಿ ಬರುವುದು ಕೊನೆಗೆ. ಕೊಳವೆಯ ಬಾಯಿಯನ್ನು ಹಿಸುಕಿ ಕಿರಿದಾಗಿಸಿ, ಅದರೊಳಗೆ ಸುಮಾರು 7.9 ಮಿಲಿಮೀಟರ್ ದಪ್ಪದ ಗುಂಡನ್ನು ಒತ್ತಿ ಕೂರಿಸಲಾಗುತ್ತದೆ. ಕತ್ತಿನ ಗೋಡೆಯೋ ಅರ್ಧ ಮಿಲಿಮೀಟರಿಗೂ ತೆಳು, ಒಳಸುತ್ತು ಗುಂಡಿಗಿಂತ ಕೊಂಚ ಕಿರಿದು. ಬೆರಳಿಗೆ ಬಿಗಿಯಾದ ಉಂಗುರದ ಹಾಗೆ ಅದು ಸುತ್ತಲೂ ಹಿಗ್ಗಿಕೊಂಡೇ ಇರುತ್ತದೆ. ಹಿಸುಕಿದಾಗ ಲೋಹದೊಳಗೆ ಉಳಿದ ಬಿಗುವು ಒಂದು, ಗುಂಡು ಹಿಗ್ಗಿಸಿದ ಬಿಗುವು ಇನ್ನೊಂದು. ಸುತ್ತಲೂ ಎಳೆತವಿರುವ ಗೋಡೆ ಸೀಳಿದರೆ ಉದ್ದಕ್ಕೇ ಸೀಳಬೇಕು.

ಇಷ್ಟಿದ್ದರೂ ಅದು ತಾನಾಗಿ ಸೀಳುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ಇದ್ದೀತು. ಲಾಯದಲ್ಲಿ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ರಪ್ಪನೆ ಬಡಿಯುವ ಆ ವಾಸನೆ ಅದರದೇ. ಮಳೆಗಾಲದ ತೇವಕ್ಕೆ ಹಿತ್ತಾಳೆಯ ಮೇಲೆ ನೀರಿನ ತೆಳು ಪದರ ಕೂರುತ್ತದೆ, ಅಮೋನಿಯಾ ಅದರಲ್ಲಿ ಕರಗುತ್ತದೆ. ಈ ದ್ರಾವಣ, ಗಾಳಿಯ ಆಮ್ಲಜನಕ ಜೊತೆಗೂಡಿದರೆ, ತಾಮ್ರವನ್ನು ಕಡುನೀಲಿ ಸಂಯುಕ್ತವಾಗಿಸಿ ಕರಗಿಸಬಲ್ಲದು. ಅದು ಇಡೀ ಮೈಯನ್ನು ಸಮನಾಗಿ ತಿಂದಿದ್ದರೆ ಇಷ್ಟು ರಗಳೆಯಿರಲಿಲ್ಲ. ಹಿತ್ತಾಳೆ ಎಂದರೆ ಸಣ್ಣ ಸಣ್ಣ ಹರಳುಗಳ ಒಟ್ಟು. ಬಿಗುವಿರುವಲ್ಲಿ ದ್ರಾವಣ ಹರಳುಗಳ ಸಂದು ಹಿಡಿದು ಒಳಕ್ಕಿಳಿಯುತ್ತದೆ. ಸಂದಿನ ತುದಿ ತುಸು ತೆರೆದುಕೊಂಡರೆ ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ, ಬಿರುಕು ಇನ್ನಷ್ಟು ಆಳಕ್ಕಿಳಿಯುತ್ತದೆ. ಹಿತ್ತಾಳೆ ಬೆಳಗಲು ಮಾರುವ ಕೆಲವು ಪಾಲಿಷ್‌ಗಳಲ್ಲೂ ಅಮೋನಿಯಾ ಇರುತ್ತದೆ. ಬಳಸಿದ ತೋಟಾಗಳನ್ನು ಅಂಥದರಿಂದ ಉಜ್ಜಬಾರದು ಎನ್ನುವುದು ಇದಕ್ಕೇ. ನಮ್ಮ ಹುಣಸೆಹಣ್ಣಿನ ಮೇಲೆ ಆ ಆರೋಪವಿಲ್ಲ.

ಬಿಗುವು, ಅಮೋನಿಯಾ, ತೇವ ಮೂರೂ ಸೇರಿದರಷ್ಟೇ ಕೇಡು. ಸೈನ್ಯದಿಂದ ಕುದುರೆಯನ್ನೋ ಭಾರತದಿಂದ ಮುಂಗಾರನ್ನೋ ತೆಗೆಯುವಂತಿರಲಿಲ್ಲ. ತೆಗೆಯಬಹುದಾದದ್ದು ಬಿಗುವು ಮಾತ್ರ. ಕೋಶದ ರೂಪ ಪೂರ್ತಿಯಾದ ಮೇಲೆ ಕತ್ತನ್ನು ಹದವಾಗಿ ಕಾಯಿಸಿದರೆ ಅದು ಸಡಿಲವಾಗುತ್ತದೆ. ಬಿಗುವು ಹೋಗಿದೆಯೇ ಎಂದು ತಿಳಿಯಲು ಪಾದರಸದ ನೈಟ್ರೇಟಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆಯೊಂದಿದೆ. ಬಿಗುವಿದ್ದರೆ ತಿಂಗಳುಗಟ್ಟಲೆ ಹಿಡಿಯಬಹುದಾದ ಬಿರುಕು ನಿಮಿಷಗಳಲ್ಲೇ ಕಾಣಿಸಿಕೊಳ್ಳುತ್ತದೆ.

ಈಗ ಲಾಯಗಳ ಕಾಟವಿಲ್ಲ, ಕತ್ತು ಸೀಳುವುದು ಮಾತ್ರ ನಿಂತಿಲ್ಲ. ಅಮೆರಿಕ, ಯುರೋಪುಗಳಲ್ಲಿ ಗುರಿ ಸ್ಪರ್ಧೆಗೆ ಇಳಿಯುವ ಅನೇಕರು ಖಾಲಿ ಕೋಶಗಳಿಗೆ ಮತ್ತೆ ಮದ್ದು ತುಂಬಿ ಬಳಸುತ್ತಾರೆ. ಪ್ರತಿ ಸಲವೂ ಕತ್ತು ಉಬ್ಬುತ್ತದೆ, ಅಚ್ಚಿಗೆ ಹಾಕಿ ಹಿಸುಕಿದರೆ ಕುಗ್ಗುತ್ತದೆ. ಹೀಗೆ ಗಡುಸಾಗುತ್ತಾ ಹೋದ ಕತ್ತು ಅಚ್ಚಿನಿಂದ ಹೊರಬಂದೊಡನೆ ಮತ್ತೆ ಪುಟಿದುಕೊಳ್ಳುತ್ತದೆ. ಗುಂಡಿನ ಮೇಲಿನ ಹಿಡಿತ ಒಂದೊಂದು ಕೋಶಕ್ಕೆ ಒಂದೊಂದು ತರವಾಗುತ್ತದೆ, ದೂರದ ಗುರಿಯಲ್ಲಿ ಏಟುಗಳು ಮೇಲೆ ಕೆಳಗೆ ಬೀಳಲು ಅಷ್ಟು ಸಾಕು. ಸೀಳು ಬರುವುದು ಅದರ ನಂತರ. ಒಂದು ಕೋಶ ಸೀಳಿತೆಂದರೆ ಅದರ ಓರಗೆಯ ಉಳಿದವುಗಳನ್ನೂ ಶಂಕಿಸಬೇಕು. ಕತ್ತಿನ ಹೊರಮೈಗೆ ಮಸಿ ಹಿಡಿದಿದ್ದರೆ ಬಾಯಿ ಸರಿಯಾಗಿ ಉಬ್ಬಿ ಗೂಡನ್ನು ಮುಚ್ಚಿಲ್ಲವೆಂದು ಅರ್ಥ. ಅದಕ್ಕೆ ಗಡುಸು ಕತ್ತು ಕಾರಣವಿರಬಹುದು, ಮದ್ದು ಕಡಿಮೆಯಾದದ್ದೂ ಇರಬಹುದು. ಬುಡದ ಹತ್ತಿರ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಕಂಡರೆ ಅದು ಬೇರೆಯೇ ಕಾಯಿಲೆ. ಗೋಡೆ ಎಳೆದು ತೆಳುವಾಗಿದೆ, ಬುಡ ಕಳಚಿ ಬರುವ ಹಾದಿಯಲ್ಲಿದೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಆಡಿಸಿದರೆ ಆ ತಗ್ಗು ಕೈಗೆ ತಿಳಿಯುತ್ತದೆ.

ಗಡುಸು ಕತ್ತಿಗೆ ಮದ್ದು ಮತ್ತೆ ಬೆಂಕಿಯೇ: ಖಾಲಿ ಕೋಶವನ್ನು ತಿರುಗಿಸುತ್ತಾ ಕತ್ತು, ಭುಜಗಳಿಗಷ್ಟೇ ಕೆಲವು ಸೆಕೆಂಡು ಉರಿ. ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ಹಿತ್ತಾಳೆಗೆ ಅದರ ಗೊಡವೆಯಿಲ್ಲ. ಅದ್ದಿದರೂ ಮೆದು, ಹಾಗೇ ಆರಿದರೂ ಮೆದು. ಉರಿ ಹೆಚ್ಚಾದರೆ ಹರಳುಗಳು ದೊಡ್ಡದಾಗಿ ಕತ್ತಿಗೆ ಗುಂಡನ್ನು ಹಿಡಿಯುವ ಕಸುವೇ ಉಳಿಯದು. ಶಾಖ ಬುಡಕ್ಕೆ ಇಳಿಯುವುದಂತೂ ನಿಜವಾದ ಅಪಾಯ. ಅಷ್ಟೊಂದು ಒತ್ತಡದಲ್ಲಿ ಮೆದು ಬುಡ ಬಿಟ್ಟುಕೊಟ್ಟರೆ ಅನಿಲ ನುಗ್ಗುವುದು ಗುಂಡು ಹೊಡೆಯುವವನ ಕಡೆಗೆ. ಸೈನ್ಯದ ತೋಟಾಗಳ ಕತ್ತಿನಲ್ಲಿ ಹೀಗೆ ಕಾಯಿಸಿದ ನೀಲಿ ಕಂದು ಪಟ್ಟಿ ಹಾಗೇ ಕಾಣುವುದುಂಟು. ಅಂಗಡಿಗೆ ಹೋಗುವವುಗಳಲ್ಲಿ ಅದನ್ನು ಸಾಮಾನ್ಯವಾಗಿ ಉಜ್ಜಿ ಹೊಳಪು ಕೊಟ್ಟಿರುತ್ತಾರೆ, ಕೊಳ್ಳುವವರು ಕಲೆಯೆಂದು ಮೂಗು ಮುರಿಯದಿರಲಿ ಎಂದು.